ಮಾದರಿ ಮನೆಯ ಐದು ಲೀಟರ್

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಸವೆಸಿದ ತಕ್ಕಡಿ ಸಾಹೇಬರು ಅಳೆಯದೆ ಯಾವುದನ್ನೂ ನಂಬಿದವರಲ್ಲ, ತಮ್ಮೊಬ್ಬರನ್ನು ಬಿಟ್ಟು. ಆ ಹೆಸರು ಅವರಿಗೆ ಇಟ್ಟವರು ಬೀದಿಯ ಅಂಗಡಿಯವರು. ಎದುರಿಗೆ ನಿಂತಾಗ ‘ಸಾಹೇಬರು’, ಬೆನ್ನು ತಿರುಗಿದ ಮೇಲೆ ಬರೀ ‘ತಕ್ಕಡಿ’. ಎರಡೂ ಅವರ ಕಿವಿಗೆ ಬಿದ್ದಿದ್ದವು; ಎರಡನ್ನೂ ಕೂಡಿಸಿದರೆ ತೂಕ ಸರಿಹೋಗುತ್ತದೆಂದು ಸುಮ್ಮನಿದ್ದರು. ಹಣ್ಣಿನವಳ ಕಿಲೋ ತೂಕದ ಬಟ್ಟಿನಲ್ಲಿ ಎರಡು ಗ್ರಾಂ ಕಡಿಮೆಯಿದ್ದರೆ ಅವರ ಅಂಗೈಗೇ ಗೊತ್ತಾಗುತ್ತಿತ್ತು. ಆದರೆ ಅದೇ ಕೈಯ ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಲು ಹನ್ನೊಂದು ವರ್ಷದಿಂದ ಯಾರಿಗೂ ಸಾಧ್ಯವಾಗಿರಲಿಲ್ಲ.

“ಪರೀಕ್ಷೆ ಮಾಡೋನು ನಾನು. ನನ್ನನ್ನ ಪರೀಕ್ಷೆ ಮಾಡೋರು ಇನ್ನೂ ಹುಟ್ಟಬೇಕು” ಎನ್ನುತ್ತಿದ್ದರು.

“ಭಾವನೋರೂ ಹೀಗೇ ಅಂತಿದ್ರು” ಎನ್ನುತ್ತಿದ್ದಳು ಹೆಂಡತಿ.

ಭಾವನವರೆಂದರೆ ಸಾಹೇಬರ ಅಣ್ಣ. ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ಅವರ ಕೈಯಿಂದ ಬ್ರಶ್ಶು ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಆ ಕೈ ಮತ್ತೆ ಏಳಲಿಲ್ಲ. ಈಗ ಸಾಹೇಬರಿಗೆ ಐವತ್ತೆರಡು ತುಂಬಿ ಏಳು ತಿಂಗಳಾಗಿತ್ತು. ಈ ಲೆಕ್ಕವನ್ನು ಅವರು ಹಾಕಿರಲಿಲ್ಲ. ಹೆಂಡತಿ ದಿನವೂ ಹಾಕುತ್ತಿದ್ದಳು.

ಹೆಂಡತಿ ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಯಂತ್ರ, ಒಂದು ನಿಲುವುಗನ್ನಡಿ, ಬಟ್ಟೆಯ ಮಾದರಿ ತುಂಡುಗಳನ್ನು ಅಂಟಿಸಿದ ದಪ್ಪ ಪುಸ್ತಕ. ಅವಳು ಆ ಪುಸ್ತಕವನ್ನು ತೊಡೆಯ ಮೇಲೆ ಹರವಿಕೊಂಡು ಕೂತಿದ್ದ ದಿನವೇ ಆ ಪತ್ರ ಬಂತು.

ಸಾಹೇಬರು ಅದನ್ನು ನಿಂತುಕೊಂಡು ಒಮ್ಮೆ ಓದಿದರು, ಕೂತುಕೊಂಡು ಒಮ್ಮೆ ಓದಿದರು, ಮತ್ತೆ ಎದ್ದು ನಿಂತು ಗಟ್ಟಿಯಾಗಿ ಓದಿದರು: “‘ಮಾನ್ಯರೇ, ಆಹಾರ ನೀತಿ ಮತ್ತು ಆರೋಗ್ಯ ಸಂಶೋಧನಾ ಕೇಂದ್ರವು ಜನರ ಉಪ್ಪಿನ ಸೇವನೆಯ ಬಗ್ಗೆ ಅಧ್ಯಯನ ಕೈಗೊಂಡಿದ್ದು, ನಗರದ ನಲವತ್ತೊಂದು ಸಾವಿರ ಮನೆಗಳ ಪೈಕಿ ತಮ್ಮ ಮನೆಯನ್ನು ಮಾದರಿ ಮನೆಯಾಗಿ ಆಯ್ಕೆ ಮಾಡಲಾಗಿದೆ.’ ಕೇಳಿದೆಯಾ? ನಲವತ್ತೊಂದು ಸಾವಿರದಲ್ಲಿ ನಮ್ಮದು! ಮಾದರಿ!”

ಹೆಂಡತಿ ತೊಡೆಯ ಮೇಲಿದ್ದ ಮಾದರಿ ತುಂಡುಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದರಿಂದ ಏನೂ ಹೇಳಲಿಲ್ಲ.

ಪತ್ರಕ್ಕೆ ಎರಡನೆಯ ಹಾಳೆಯೂ ಇತ್ತು. ಬಿರುದು ಸಿಕ್ಕವನು ಎರಡನೆಯ ಹಾಳೆ ಓದುವುದಿಲ್ಲ, ಇದು ಇತಿಹಾಸಸಿದ್ಧ. ಹೆಂಡತಿ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಹಾಳೆಯನ್ನು ಪೂರ್ತಿ ಓದಿ, ನಾಲ್ಕಾಗಿ ಮಡಿಸಿ, ಪುಸ್ತಕದೊಳಗೆ ಹತ್ತಿ ಬಟ್ಟೆಗಳಿರುವ ಪುಟದಲ್ಲಿ ಸೇರಿಸಿದಳು.

“ಏನಂತೆ ಅದರಲ್ಲಿ?”

“ಏನಿಲ್ಲ. ಮಾದರಿ ಮನೆಯ ಯಜಮಾನರಿಗೆ ಬಿ.ಪಿ. ನೋಡ್ತಾರಂತೆ. ಕಡ್ಡಾಯವಂತೆ.”

“ಬಿ.ಪಿ.ನಾ? ಅದೊಂದು ಬೇಡ ಅಂತ ಬರೆದು ಕಳಿಸಿದರಾಯ್ತು.”

“ಬರೀಬಹುದು. ಆಗ ಮುಂದಿನ ಮನೆಯನ್ನ ಮಾದರಿ ಮಾಡ್ತಾರಂತೆ.”

“ಮುಂದಿನ ಮನೆ ಅಂದ್ರೆ?”

“ನಮ್ಮ ಮೇಲಿನದು.”

ಮೇಲಿನ ಮನೆಯಲ್ಲಿ ಇದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಆ ಮೂರಂತಸ್ತಿನ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷೆ. ಬೆಳಿಗ್ಗೆ ಎದ್ದು ಮೆಟ್ಟಿಲನ್ನು ನಲವತ್ತು ಸಲ ಹತ್ತಿ ಇಳಿಯುವವರು, ಬೇಯಿಸಿದ ಬೀನ್ಸಿಗೆ ಹತ್ತು ವರ್ಷದಿಂದ ಉಪ್ಪು ಹಾಕದವರು, ಅದನ್ನು ಹತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದವರು.

ಸಾಹೇಬರು ಅಂಗಿಯ ತೋಳನ್ನು ನಿಧಾನವಾಗಿ ಸವರಿಕೊಂಡರು. “ದೇಶಕ್ಕೋಸ್ಕರ ಜನ ಪ್ರಾಣಾನೇ ಕೊಡ್ತಾರೆ. ನಾನು ತೋಳು ಕೊಡ್ತೀನಿ.”

ಸುದ್ದಿ ಮೆಟ್ಟಿಲಿಳಿಯುವಷ್ಟರಲ್ಲಿ ಬೆಳೆದಿತ್ತು. ಅದನ್ನು ಮೆಟ್ಟಿಲಿಳಿಸಿದವರು ಸಾಹೇಬರೇ. ಹದಿನೇಳನೆಯ ಸುತ್ತಿನಲ್ಲಿ ಏದುಸಿರು ಬಿಡುತ್ತಿದ್ದ ಹೆಡ್‌ಮಿಸ್ಟ್ರೆಸ್ಸನ್ನು ತಡೆದು ಪತ್ರ ತೋರಿಸಿದರು.

“ನನಗೆ ಬರಲಿಲ್ಲವಲ್ಲ ಪತ್ರ!” ಎಂದರು ಹೆಡ್‌ಮಿಸ್ಟ್ರೆಸ್.

“ಆಯ್ಕೆ ಮಾಡೋರಿಗೆ ಎಲ್ಲಾ ಗೊತ್ತಿರುತ್ತೆ ಟೀಚರ್. ಬೇಜಾರು ಮಾಡ್ಕೋಬೇಡಿ.”

“ಯಾವ ಅಂಕದ ಮೇಲೆ ಕೊಟ್ಟರು ಅಂತ ಕೇಳ್ತಿದ್ದೀನಿ. ನಲವತ್ತು ವರ್ಷ ಮಾದರಿ ವಿದ್ಯಾರ್ಥಿ ಬಿಲ್ಲೆ ಹಂಚಿದವಳು ನಾನು. ಅಂಕಪಟ್ಟಿ ಇಲ್ಲದೆ ಒಂದನ್ನೂ ಕೊಟ್ಟಿಲ್ಲ.”

ಆದರೂ ನಿಯಮ ನಿಯಮವೇ. ಕಟ್ಟಡದ ಯಾರಿಗಾದರೂ ಗೌರವ ಸಂದರೆ ಸಂಘ ಅದನ್ನು ಗುರುತಿಸಬೇಕೆಂದು ಅವರೇ ಹಿಂದೆ ಬರೆಸಿದ್ದ ನಿಯಮ. ಹಲ್ಲು ಕಚ್ಚಿಕೊಂಡು ಸಹಿ ಹಾಕಿದರು. ವಾರದೊಳಗೆ ಸಾಹೇಬರ ಬಾಗಿಲ ನೆತ್ತಿಯ ಮೇಲೆ ಮೂರಡಿ ಉದ್ದದ ಮರದ ಬೋರ್ಡು ಕೂತಿತು. ಹಸಿರು ಬಣ್ಣ, ಬಿಳಿ ಅಕ್ಷರ: ಮಾದರಿ ಮನೆ.

ಮಾದರಿಯಾದ ಮೇಲೆ ಅದರಂತೆ ಬದುಕಬೇಕಲ್ಲ. ಅಧ್ಯಯನ ಉಪ್ಪಿನದು ಎಂದು ಪತ್ರದಲ್ಲೇ ಇತ್ತು. ಸಾಹೇಬರು ಊಟದ ಮೇಜಿನ ಉಪ್ಪಿನ ಕುಡಿಕೆಯನ್ನು ಎತ್ತಿ ಅಟ್ಟಕ್ಕೆ ಹಾಕಿದರು. ಉಪ್ಪಿಲ್ಲದ ಆಲೂಗಡ್ಡೆ ಗಂಟಲಿಗೆ ಇಳಿಯಲಿಲ್ಲವಾಗಿ, ಅದರ ಬದಲು ಬ್ರೆಡ್ಡು ತಿಂದರು. “ಬ್ರೆಡ್ಡು ನೋಡು, ಎಷ್ಟು ಸಾತ್ವಿಕ! ಉಪ್ಪಿನ ಸುಳಿವೇ ಇಲ್ಲ” ಎಂದು ಬೆಳಿಗ್ಗೆ ನಾಲ್ಕು ಚೂರು, ರಾತ್ರಿ ನಾಲ್ಕು ಚೂರು. ಜೊತೆಗೆ ಪ್ಯಾಕೆಟ್ಟಿನ ಸೂಪು. ಪ್ಯಾಕೆಟ್ಟಿನ ಮೇಲೆ ಹಸಿರು ಎಲೆಯ ಚಿತ್ರವಿತ್ತು, ಅದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಟ್ಟಡದವರು ಮಾದರಿ ಮನೆಯನ್ನು ಅನುಸರಿಸಿದರು. ಹದಿನೈದು ದಿನದಲ್ಲಿ ಹನ್ನೆರಡು ಮನೆಗಳ ಉಪ್ಪಿನ ಕುಡಿಕೆಗಳು ಅಟ್ಟ ಸೇರಿದವು. ನೆಲಮಹಡಿಯ ಬೇಕರಿಯವನು ದಿನಕ್ಕೆ ಎರಡು ತಟ್ಟೆ ಬ್ರೆಡ್ಡು ಹೆಚ್ಚಿಗೆ ಸುಡತೊಡಗಿದ. ಸಾಹೇಬರು ಕೆಳಗಿಳಿದಾಗಲೆಲ್ಲ ಹಿಟ್ಟಿನ ಕೈಯಲ್ಲೇ ನಮಸ್ಕಾರ ಮಾಡುತ್ತಿದ್ದ.

“ನಿಮ್ಮಂಥೋರು ಬೀದಿಗೊಬ್ಬರು ಇರಬೇಕು ಸಾಹೇಬ್ರೇ!”

ಇಷ್ಟೆಲ್ಲ ಸರಿಯಿತ್ತು. ಸರಿಯಿಲ್ಲದ್ದು ಒಂದೇ. ಕಚೇರಿಯಲ್ಲಿ ಸಾಹೇಬರ ಮೇಜಿನ ಕೆಳಗಿನ ಸೆಳೆಖಾನೆಯಲ್ಲಿ, ಹಿತ್ತಾಳೆಯ ಪ್ರಮಾಣ ಬಟ್ಟುಗಳ ಪೆಟ್ಟಿಗೆಯ ಹಿಂದೆ, ಉಪ್ಪು ಹಚ್ಚಿ ಹುರಿದ ಕಡಲೆಕಾಯಿ ಬೀಜದ ಪೊಟ್ಟಣವಿರುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ಇಲಾಖೆಯ ಅತಿ ಸೂಕ್ಷ್ಮ ತಕ್ಕಡಿಯಲ್ಲಿ ಐವತ್ತು ಗ್ರಾಂ ತೂಗಿ ತಿನ್ನುವುದು ಅವರ ಹಳೆಯ ಪದ್ಧತಿ. ಮನೆಯಲ್ಲಿ ಉಪ್ಪು ಬಿಟ್ಟ ಮೇಲೆ ಐವತ್ತು ನೂರಾಯಿತು, ನೂರು ನೂರೈವತ್ತಾಯಿತು. ಆದರೆ ತೂಕದಲ್ಲಿ ಒಂದು ದಿನವೂ ಮೋಸ ಮಾಡಿಕೊಳ್ಳಲಿಲ್ಲ.

ಮೂರನೆಯ ವಾರ ಕೇಂದ್ರದಿಂದ ಸಂಶೋಧಕಿ ಬಂದಳು. ಹೆಗಲಲ್ಲಿ ಎರಡು ಚೀಲ, ಕೈಯಲ್ಲಿ ಫೈಲು, ಮುಖದಲ್ಲಿ ದಿನಕ್ಕೆ ಆರು ಮನೆಗಳ ಮೆಟ್ಟಿಲು ಹತ್ತುವವರ ತಾಳ್ಮೆ. ಬಾಗಿಲ ಮೇಲಿನ ಬೋರ್ಡನ್ನು ಎರಡು ಸಲ ಓದಿ, ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೆಂಡತಿ “ಬಾಮ್ಮ, ಒಳಗೆ ಬಾ, ಮೊದಲು ಬಿ.ಪಿ. ನೋಡು” ಎಂದು ಕೈ ಹಿಡಿದು ಎಳೆದುಕೊಂಡಳು.

ಸಂಶೋಧಕಿ ಪಟ್ಟಿ ಬಿಚ್ಚಿದಳು. ಕೊನೆಯ ಗಳಿಗೆಯಲ್ಲಿ ಸಾಹೇಬರಿಗೆ ಕಾನೂನು ನೆನಪಾಯಿತು.

“ಒಂದು ನಿಮಿಷ. ಅಳೆಯೋ ಸಾಧನಕ್ಕೆಲ್ಲ ನಮ್ಮ ಇಲಾಖೆಯ ಮುದ್ರೆ ಇರಬೇಕು. ಮುದ್ರೆ ಇಲ್ಲದ್ದನ್ನ ನಾನು ಮುಟ್ಟಿಸಿಕೊಳ್ಳಲ್ಲ.”

“ಇದೆಯಲ್ಲ ಸಾರ್.” ಅವಳು ಯಂತ್ರವನ್ನು ತಿರುಗಿಸಿ ಬೆನ್ನಿನ ಚೀಟಿ ತೋರಿಸಿದಳು. “ಹೋದ ತಿಂಗಳೇ ಪರೀಕ್ಷೆಯಾಗಿದೆ. ಕೆಳಗೆ ಯಾರದೋ ಸಹಿ ಇದೆ, ಓದೋಕೆ ಬರಲ್ಲ.”

ಸಾಹೇಬರಿಗೆ ಓದಲು ಬಂತು. ಅವರದೇ ಸಹಿ.

ತಾನೇ ಮುದ್ರೆ ಒತ್ತಿದ್ದನ್ನು ತಾನೇ ನಂಬುವುದಿಲ್ಲ ಎನ್ನುವುದು ಹೇಗೆ? ತೋಳು ಕೊಟ್ಟರು. ಪಟ್ಟಿ ಉಬ್ಬಿತು, ಇಳಿಯಿತು. ಸಂಶೋಧಕಿ ಅಂಕಿ ಬರೆದುಕೊಂಡಳು, ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು, ಮತ್ತೆ ಬರೆದುಕೊಂಡಳು.

“ಎಷ್ಟಿದೆ?” ಎಂದಳು ಹೆಂಡತಿ.

“ಒಂದೇ ದಿನ ನೋಡಿ ಹೇಳೋಕಾಗಲ್ಲಮ್ಮ. ಮೂರು ದಿನ ಬರ್ತೀನಿ. ಸರಾಸರಿ ತೆಗೆದು ನಮ್ಮ ಡಾಕ್ಟರೇ ಹೇಳ್ತಾರೆ.”

ಮೂರು ದಿನವೂ ಬಂದಳು. ಹಿಂದಿನ ದಿನ ಏನೇನು ತಿಂದಿರಿ ಎಂದು ಚೂರು ಚೂರಾಗಿ ಕೇಳಿದಳು. ಸಾಹೇಬರು ಬ್ರೆಡ್ಡು ಹೇಳಿದರು, ಸೂಪು ಹೇಳಿದರು, ಬಾಳೆಹಣ್ಣಿನ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳಿದರು. ಕಡಲೆಕಾಯಿ ಬೀಜ ಹೇಳಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಒಮ್ಮೆ ನಿಂತು ಮತ್ತೆ ಓಡಿತು.

ಮೂರನೆಯ ದಿನ, ಗುರುವಾರ ಸಂಜೆ, ಸಂಶೋಧಕಿ ಚೀಲದಿಂದ ಒಂದು ಬಿಳಿಯ ಪ್ಲಾಸ್ಟಿಕ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮೇಲೆ ‘೫ ಲೀಟರ್’ ಎಂದು ಅಚ್ಚಾಗಿತ್ತು.

“ನಾಳೆ ಬೆಳಿಗ್ಗೆ ಏಳರಿಂದ ನಾಡಿದ್ದು ಬೆಳಿಗ್ಗೆ ಏಳರವರೆಗೆ, ಸಾರ್. ಒಂದು ಹನಿಯೂ ಹೊರಗೆ ಹೋಗಬಾರದು.”

“ಯಾವುದರ ಹನಿ?”

ಸಂಶೋಧಕಿ ಹೇಳಿದಳು. ಸಾಹೇಬರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಗೋಡೆಯ ಕಡೆ ನೋಡಿದಳು.

“ಯಾಕಮ್ಮ ಇದೆಲ್ಲ? ನಾನು ಬಾಯಲ್ಲಿ ಹೇಳಿದ್ದೀನಲ್ಲ!”

“ಬಾಯಿ ಮರೀಬಹುದು ಸಾರ್. ಇದು ಮರೆಯಲ್ಲ. ತಿಂದ ಉಪ್ಪಲ್ಲಿ ಹತ್ತಕ್ಕೆ ಒಂಬತ್ತು ಪಾಲು ಇದರಲ್ಲೇ ಹೊರಗೆ ಬರುತ್ತೆ. ಏನೂ ಮುಚ್ಚಿಡೋಕಾಗಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಕೇಳಿದ್ದೇವೆ. ಸಾಹೇಬರು ಹೊಟ್ಟೆ ಮುಟ್ಟಿಕೊಂಡರು.

ಶುಕ್ರವಾರ ಡಬ್ಬಿಯನ್ನು ಹೂವಿನ ಚಿತ್ತಾರದ ಬಟ್ಟೆಚೀಲದಲ್ಲಿ ಸುತ್ತಿಕೊಂಡು ಕಚೇರಿಗೆ ಹೋದರು. ಎರಡು ಗಂಟೆಗೊಮ್ಮೆ ಚೀಲ ಹಿಡಿದು ಎದ್ದು ಹೋಗುವುದು, ಗಂಭೀರವಾಗಿ ಬರುವುದು. ನಾಲ್ಕು ಗಂಟೆಗೆ ಸೆಳೆಖಾನೆಯ ಕಡೆ ಕೈ ಹೋಯಿತು. ಬೇಡವೆಂದು ಕಚ್ಚೆ ಬಿಗಿದು ನಿರ್ಧರಿಸಿದರು. ಕೈ ಅಷ್ಟರಲ್ಲಿ ನೂರೈವತ್ತು ಗ್ರಾಂ ತೂಗಿ ಮುಗಿಸಿತ್ತು. ಕೊನೆಯ ಬೀಜ ನುಂಗುವಾಗ ಕಚೇರಿಯ ದೊಡ್ಡ ಸಾಹೇಬರು ಎದುರಿಗೇ ಬಂದು ನಿಂತರು. ಮೂಲೆಯಲ್ಲಿದ್ದ ಚೀಲ ಜಾರಿ ಡಬ್ಬಿಯ ನೆತ್ತಿ ಕಾಣುತ್ತಿತ್ತು.

“ಏನ್ರೀ ಅದು? ಎಣ್ಣೆ ಡಬ್ಬೀನಾ? ಯಾವ ಅಂಗಡೀಲಿ ಹಿಡಿದ್ರಿ?”

“ಅದು… ಅಂಗಡೀದಲ್ಲ ಸಾರ್. ಮನೆ ತಯಾರಿಕೆ.”

ದೊಡ್ಡ ಸಾಹೇಬರು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. “ಐದು ಲೀಟರ್ ಅಂತ ಅಚ್ಚು ಹಾಕಿದಾನೆ. ಒಳಗೆ ಒಂದು ಲೀಟರೂ ಇಲ್ಲ! ಇಂಥ ಹಗಲುದರೋಡೆ ನನ್ನ ಸರ್ವಿಸ್ಸಲ್ಲೇ ನೋಡಿಲ್ಲ. ಯಾರ್ರೀ ಈ ತಯಾರಕ?”

“ಬಹಳ ಸಣ್ಣ ತಯಾರಕ ಸಾರ್.”

“ಲೈಸೆನ್ಸ್ ಇದೆಯಾ?”

“ಲೈಸೆನ್ಸ್ ಅಂತ ಏನಿಲ್ಲ ಸಾರ್. ಹುಟ್ಟಿದಾಗಿಂದ ಮಾಡ್ಕೊಂಡು ಬಂದಿದಾನೆ.”

“ವಂಶಪಾರಂಪರ್ಯದ ಕಸುಬು ಅನ್ನಿ. ಹಾಗಂತ ಬಿಡೋಕಾಗುತ್ತಾ? ಡಬ್ಬಿ ಮೇಲೆ ಎಷ್ಟಿದೆಯೋ ಒಳಗೂ ಅಷ್ಟೇ ಇರಬೇಕು. ಹೋಗಿ ಹೇಳಿ ಅವನಿಗೆ: ನಾಳೆ ಹೊತ್ತಿಗೆ ಭರ್ತಿ ಮಾಡಲಿಲ್ಲ ಅಂದ್ರೆ ಕೇಸು!”

ಡಬ್ಬಿಯನ್ನು ಅವರೇ ತಮ್ಮ ಕೈಯಾರೆ ಜಪ್ತಿ ಮಾಲಿನ ಕಪಾಟಿನಲ್ಲಿ, ಎರಡು ಸೂರ್ಯಕಾಂತಿ ಎಣ್ಣೆ ಡಬ್ಬಿಗಳ ನಡುವೆ ಕೂರಿಸಿ ಹೋದರು. ಆಮೇಲೆ ಸಾಹೇಬರು ‘ಮರುಪರಿಶೀಲನೆ’ ಎಂದು ಪುಸ್ತಕದಲ್ಲಿ ಸಹಿ ಹಾಕಿ ಅದನ್ನು ಬಿಡಿಸಿಕೊಳ್ಳಬೇಕಾಯಿತು.

ಶನಿವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿತ್ತು. ಸಾಹೇಬರು ಬಚ್ಚಲಿನ ಬಾಗಿಲು ಹಾಕಿಕೊಂಡು ಡಬ್ಬಿಯ ಮುಂದೆ ಕೂತಿದ್ದರು. ಇಡೀ ದಿನದ ದುಡಿಮೆ ಒಂದೂವರೆ ಲೀಟರ್. ಅದರೊಳಗೆ ನೂರೈವತ್ತು ಗ್ರಾಂ ಕಡಲೆಕಾಯಿ ಬೀಜದ ಉಪ್ಪು ಬಾಯಿಬಿಡಲು ಕಾಯುತ್ತಿದೆ. ಬಾಗಿಲ ಮೇಲೆ ಮೂರಡಿ ಬೋರ್ಡಿದೆ. ಕಿವಿಯಲ್ಲಿ ದೊಡ್ಡ ಸಾಹೇಬರ ‘ಭರ್ತಿ ಮಾಡಲಿಲ್ಲ ಅಂದ್ರೆ’ ಮೊಳಗುತ್ತಿದೆ. ಪಕ್ಕದಲ್ಲೇ ನಲ್ಲಿ.

ಸೂಪಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸುತ್ತಾರೆ. ಇಷ್ಟು ತರ್ಕ ಸಾಕಾಯಿತು. ಅವರು ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಕೊನೆಯ ಹನಿಗಳನ್ನು ಬೆರಳಿನಿಂದ ತಟ್ಟಿ ಬೀಳಿಸಿ, ಕರಾರುವಾಕ್ಕಾಗಿ ಐದು ಲೀಟರ್ ಮಾಡಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಷ್ಟು ನಿಖರವಾಗಿ ಯಾವುದನ್ನೂ ಅಳೆದಿರಲಿಲ್ಲ. ಏಳಕ್ಕೆ ಬಂದ ಸಂಶೋಧಕಿ ಡಬ್ಬಿ ಎತ್ತಿದಾಗ ಅವಳ ಹೆಗಲು ಒಂದು ಕಡೆಗೆ ವಾಲಿತು. ಒಮ್ಮೆ ಸಾಹೇಬರ ಮುಖ ನೋಡಿದಳು, ಬೇಗ ಬೇಗ ಇಳಿದು ಹೋದಳು.

ಹತ್ತು ಗಂಟೆಗೆ ಕಟ್ಟಡದ ಮುಂದೆ ಬಿಳಿಯ ವ್ಯಾನು ಬಂದು ನಿಂತಿತು. ಅದರಿಂದ ಕೇಂದ್ರದ ಡಾಕ್ಟರು ಹಾರಿ ಇಳಿದರು, ಹಿಂದೆ ಸಂಶೋಧಕಿ, ಅವರ ಹಿಂದೆ ಗಾಲಿಕುರ್ಚಿ. ಗಾಲಿಕುರ್ಚಿಯ ಹಿಂದೆ ಬೇಕರಿಯವನು, ಗಿರಾಕಿಗಳು, ಮೂವತ್ತನೆಯ ಸುತ್ತಿನಲ್ಲಿದ್ದ ಹೆಡ್‌ಮಿಸ್ಟ್ರೆಸ್.

“ರೋಗಿ ಎಲ್ಲಿ?” ಎಂದರು ಡಾಕ್ಟರು.

“ಯಾವ ರೋಗಿ? ಇದು ಮಾದರಿ ಮನೆ” ಎಂದರು ಸಾಹೇಬರು.

“ನೀವೇನಾ? ಎದ್ದು ನಿಂತಿದೀರಲ್ರೀ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಮನುಷ್ಯ ದಿನಕ್ಕೆ ಒಂದೂವರೆ, ಹೆಚ್ಚು ಅಂದ್ರೆ ಎರಡೂವರೆ ಲೀಟರ್. ನಿಮ್ಮದು ಐದು! ಮೂತ್ರಪಿಂಡ ಕೈಬಿಟ್ಟಿದೆಯೋ, ಮಿದುಳಿನ ಬುಡದ ಗ್ರಂಥಿ ಕೆಟ್ಟಿದೆಯೋ, ನೋಡಬೇಕು. ಈಗಿಂದೀಗಲೇ ಆಸ್ಪತ್ರೆಗೆ.”

“ಉಪ್ಪು ಬಿಟ್ಟಿದ್ದಕ್ಕೇ ಹೀಗಾಗಿದ್ದು!” ಎಂದ ಬೇಕರಿಯವನು. “ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದಾರಾ?”

“ನಾನು ಹತ್ತು ವರ್ಷದಿಂದ ಬಿಟ್ಟಿದ್ದೀನಿ. ನನಗೇನಾಗಿದೆ?”

“ಅದನ್ನ ನಾನು ಹೇಳೋಕಾಗುತ್ತಾ ಟೀಚರ್?”

ಸಾಹೇಬರು ಇದೊಂದನ್ನೂ ಕೇಳುತ್ತಿರಲಿಲ್ಲ. ಹೆಂಡತಿ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖವನ್ನು ಹೀಗೆ ನೋಡಿದ್ದು ಸಾಹೇಬರಿಗೆ ನೆನಪಾಯಿತು. ಬೋರ್ಡು, ಮಾನ, ಕಡಲೆಕಾಯಿ ಎಲ್ಲ ಒಂದೇ ಏಟಿಗೆ ಹಗುರಾದವು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದರು. ಗಂಟಲು ಒಣಗಿ ಒಂದೇ ಪದ ಹೊರಟಿತು.

“ನೀರು…”

“ನೀರು ಕೇಳ್ತಿದಾರೆ! ಬಾಯಾರಿಕೆ! ಎರಡನೇ ಲಕ್ಷಣ!” ಎಂದು ಕೂಗಿದರು ಹೆಡ್‌ಮಿಸ್ಟ್ರೆಸ್. ಬೇಕರಿಯವನು ತಂಬಿಗೆ ತಂದು ಬಾಯಿಗೆ ಹಿಡಿದ. ಸಾಹೇಬರು ತಲೆ ಅಲ್ಲಾಡಿಸಿದರು. ನೀರು ಮೂಗಿಗೆ ಹೋಯಿತು.

“ಅಲ್ಲ… ನೀರು… ನಲ್ಲಿ…”

“ತಂಬಿಗೆ ಸಾಲದಂತೆ, ನಲ್ಲೀನೇ ಬೇಕಂತೆ!”

“ಬಾಯಾರಿಕೆ ವಿಪರೀತ” ಎಂದು ಡಾಕ್ಟರು ಬರೆದುಕೊಂಡರು.

ಎರಡನೆಯ ತಂಬಿಗೆ ಮುಗಿದ ಮೇಲಷ್ಟೇ ಸಾಹೇಬರಿಗೆ ಬಾಯಿ ಬಿಡುವಾಯಿತು. “ನೀರು ಬೆರೆಸಿದ್ದೆ! ಡಬ್ಬಿಗೆ! ಮೂರೂವರೆ ಲೀಟರ್! ನಲ್ಲೀದು!”

ಗಾಲಿಕುರ್ಚಿ ಹಿಡಿದವನು ಅದನ್ನು ಬಿಟ್ಟುಬಿಟ್ಟ. ಅದು ತಾನೇ ಉರುಳಿಕೊಂಡು ಹೋಗಿ ಗೋಡೆಗೆ ಮೆಲ್ಲಗೆ ಢಿಕ್ಕಿ ಹೊಡೆದು ನಿಂತಿತು.

“ಯಾಕೆ?” ಎಂದರು ಡಾಕ್ಟರು.

“ದಿನಾ ಕಚೇರೀಲಿ ಉಪ್ಪುಕಡಲೆಕಾಯಿ ತಿಂತಿದ್ದೆ. ನೂರೈವತ್ತು ಗ್ರಾಂ. ಗೊತ್ತಾಗಬಾರದು ಅಂತ…”

ಹೆಂಡತಿ ಬಗ್ಗಿ ಕತ್ತರಿ ಎತ್ತಿಕೊಂಡಳು. ಮುಖಕ್ಕೆ ಬಣ್ಣ ಮರಳಿತ್ತು, ಸ್ವಲ್ಪ ಹೆಚ್ಚಾಗಿಯೇ. “ಉಪ್ಪು ತಿಂದೋನು ನೀರು ಕುಡೀಬೇಕು ಅಂತ ಗಾದೆ. ಸುರೀಬೇಕು ಅಂತ ಎಲ್ಲೂ ಇಲ್ಲ.”

ಸಂಶೋಧಕಿ ತುಟಿ ಕಚ್ಚಿಕೊಂಡಿದ್ದಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. “ಬೆರೆಸಿದ್ದು ಸುಮ್ಮನೆ ದಂಡ ಸಾರ್. ನಾವು ನೋಡೋದು ಒಟ್ಟು ಉಪ್ಪು. ಒಂದು ಚಮಚ ಉಪ್ಪನ್ನ ಲೋಟಕ್ಕೆ ಹಾಕಿ, ಕೆರೆಗೆ ಹಾಕಿ, ಚಮಚ ಚಮಚವೇ. ನಿಮ್ಮದು ಹದಿಮೂರೂವರೆ ಗ್ರಾಂ. ಐದು ದಾಟಬಾರದು.”

“ಹದಿಮೂರೂವರೆ!” ಹೆಡ್‌ಮಿಸ್ಟ್ರೆಸ್ ಬೋರ್ಡಿನ ಕಡೆ ಬೆರಳು ತೋರಿಸಿದರು. ಹದಿನೈದು ದಿನ ತಡೆದಿಟ್ಟಿದ್ದು ಒಟ್ಟಿಗೇ ಬಂತು. “ಇದಾ ಮಾದರಿ? ಇದನ್ನ ಯಾರು ಯಾವ ಅಂಕಪಟ್ಟಿ ನೋಡಿ ಆರಿಸಿದ್ದು?”

“ಅಂಕಪಟ್ಟಿ ಎಲ್ಲಿ ಬಂತು?” ಸಂಶೋಧಕಿಗೆ ನಿಜವಾಗಿಯೂ ಆಶ್ಚರ್ಯ. “ಚೀಟಿ ಎತ್ತಿದ್ವಿ. ಈ ಮನೆ ನಂಬರು ಬಂತು. ಮಾದರಿ ಅಂದ್ರೆ ಸ್ಯಾಂಪಲ್ ಅಮ್ಮಾ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡಲ್ವಾ, ಹಾಗೆ. ನಮಗೆ ಬೇಕಾಗಿದ್ದೇ ಮಾಮೂಲಿ ಮನೆ. ಎರಡನೇ ಹಾಳೆಯಲ್ಲಿ ಎಲ್ಲಾ ಬರೆದಿತ್ತಲ್ಲ!”

ಎಲ್ಲರೂ ಹೆಂಡತಿಯ ಕಡೆ ತಿರುಗಿದರು. ಹೆಂಡತಿ ಬಟ್ಟೆ ತುಂಡುಗಳ ಪುಸ್ತಕ ತಂದಳು, ಹತ್ತಿ ಬಟ್ಟೆಯ ಪುಟ ತೆರೆದಳು, ನಾಲ್ಕಾಗಿ ಮಡಿಸಿದ ಹಾಳೆಯನ್ನು ಗಂಡನ ಕೈಗೆ ಕೊಟ್ಟಳು.

“ಇಪ್ಪತ್ತು ವರ್ಷದಿಂದ ಮಾದರಿ ತುಂಡು ಇಟ್ಕೊಂಡು ಕೂತೋಳು ನಾನು. ನನಗೆ ಗೊತ್ತಾಗಲ್ವಾ?”

“ಮೊದಲೇ ಹೇಳಬಾರದಿತ್ತಾ!”

“ಹೇಳಿದ್ದಿದ್ರೆ ತೋಳು ಕೊಡ್ತಿದ್ರಾ?”

ಸಾಹೇಬರು ಹಾಳೆ ಓದಿದರು. ಬಿ.ಪಿ. ಪರೀಕ್ಷೆ ‘ಐಚ್ಛಿಕ’ ಎಂದು ಅಲ್ಲಿ ಅಚ್ಚಾಗಿತ್ತು. ‘ಮುಂದಿನ ಮನೆ’ಯ ಮಾತು ಎಲ್ಲೂ ಇರಲಿಲ್ಲ. ಕೇಳುವ ಪ್ರಶ್ನೆ ಇನ್ನು ಒಂದೇ ಉಳಿದಿತ್ತು, ಹೆಂಡತಿಯೇ ಕೇಳಿದಳು.

“ಡಾಕ್ಟ್ರೇ, ತೋಳಿನ ಲೆಕ್ಕ?”

ಡಾಕ್ಟರು ಫೈಲು ತಿರುವಿದರು. “ಮೂರು ದಿನದ ಸರಾಸರಿ ನೂರ ಐವತ್ತನಾಲ್ಕು, ಕೆಳಗೆ ತೊಂಬತ್ತಾರು. ಜಾಸ್ತಿನೇ. ಹೀಗೇ ಎರಡು ವರ್ಷ ಬಿಟ್ಟಿದ್ರೆ ನಾನೇನೂ ಹೇಳೋಕಾಗ್ತಿರಲಿಲ್ಲ. ಈಗ ಸಿಕ್ಕಿದೆಯಲ್ಲ, ಒಂದು ಮಾತ್ರೆ, ಉಪ್ಪು ಅರ್ಧ, ಸಾಕು. ಬೇರೆ ಏನೂ ಆಗಿಲ್ಲ.”

“ಏನೂ ಆಗಿಲ್ವಾ?”

“ಏನೂ ಆಗಿಲ್ಲಮ್ಮ.”

ಹೆಂಡತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಭುಜ ನೋಡಿ ಹೇಳುವಂತಿರಲಿಲ್ಲ. ಸಾಹೇಬರು ಪಕ್ಕದಲ್ಲಿ ಕೂತರು. ಎರಡು ತಂಬಿಗೆ ನೀರು ಕುಡಿದದ್ದರಿಂದ ಬೇಗನೆ ಏಳಬೇಕಾಯಿತು.

ಅವರು ಬಚ್ಚಲಿನಿಂದ ಬರುವಷ್ಟರಲ್ಲಿ ಮುಖ್ಯ ವಿಷಯವೊಂದು ಇತ್ಯರ್ಥವಾಗಿತ್ತು. ಸಂಶೋಧಕಿ ಊಟದ ಪಟ್ಟಿ ಕೂಡಿಸಿ ಹೇಳಿದ್ದಳು: ಹದಿಮೂರೂವರೆಯಲ್ಲಿ ಕಡಲೆಕಾಯಿಯ ಪಾಲು ಎರಡು ಗ್ರಾಂ ಕೂಡ ಅಲ್ಲ. ಎಲೆಯ ಚಿತ್ರದ ಸೂಪಿನದು ಐದು. ಬ್ರೆಡ್ಡಿನದು ಆರು.

“ಬ್ರೆಡ್ಡಾ?” ಎಂದರು ಹನ್ನೆರಡು ಮನೆಗಳವರು.

“ಅದಕ್ಕೇ ಈ ಅಧ್ಯಯನ. ಮೇಜಿನ ಮೇಲಿನ ಉಪ್ಪು ಕಣ್ಣಿಗೆ ಕಾಣುತ್ತೆ, ಕೈ ಹಿಂದೆ ಸರಿಯುತ್ತೆ. ಹಿಟ್ಟಿನೊಳಗಿಂದು ಯಾರಿಗೂ ಕಾಣಲ್ಲ. ಬ್ರೆಡ್ಡಿನ ಉಪ್ಪಿಗೊಂದು ಮಿತಿ ಹಾಕಿ ಅಂತ ಸರ್ಕಾರಕ್ಕೆ ಹೇಳೋಕೆ ನಮಗೆ ಲೆಕ್ಕ ಬೇಕು.”

“ನಾನೇನು ಮಾಡ್ಲಿ? ಉಪ್ಪಿಲ್ಲ ಅಂದ್ರೆ ಹಿಟ್ಟು ಹಿಡಿಯಲ್ಲ. ಜನ ಮಣ್ಣು ಅಂತ ಉಗೀತಾರೆ” ಎಂದ ಬೇಕರಿಯವನು, ಎಲ್ಲರ ಕಣ್ಣೂ ತನ್ನ ಮೇಲಿರುವುದನ್ನು ಕಂಡು.

“ಒಂದೇ ಸಲ ಬೇಡಣ್ಣ. ವಾರಕ್ಕೊಂದು ಚಿಟಿಕೆ ಕಮ್ಮಿ ಮಾಡು. ನಾಲಿಗೆಗೆ ಗೊತ್ತೇ ಆಗಲ್ಲ.”

ಹೆಡ್‌ಮಿಸ್ಟ್ರೆಸ್ ಗುಂಪಿನಿಂದ ಮುಂದೆ ಬಂದರು. ಹತ್ತು ವರ್ಷದಿಂದ ಉಪ್ಪಿಲ್ಲದ ಬೀನ್ಸಿನ ಜೊತೆ ಅವರು ತಿನ್ನುತ್ತಿದ್ದದ್ದು ಬ್ರೆಡ್ಡು. ಮೆಲ್ಲಗೆ ಸಂಶೋಧಕಿಯ ಮುಂದೆ ತೋಳು ಚಾಚಿದರು. ಪಟ್ಟಿ ಉಬ್ಬಿತು, ಇಳಿಯಿತು. ಸಾಹೇಬರಿಗಿಂತ ನಾಲ್ಕು ಹೆಚ್ಚು.

“ಎಲ್ಲದರಲ್ಲೂ ಫಸ್ಟು ನೀವೇ ಟೀಚರ್” ಎಂದರು ಸಾಹೇಬರು.

ಆವತ್ತು ಮಧ್ಯಾಹ್ನದವರೆಗೆ ವ್ಯಾನು ಅಲ್ಲೇ ನಿಂತಿತು. ಕಟ್ಟಡದವರೆಲ್ಲ ಅಂಗಿ ತೋಳು ಮಡಿಸಿ ಸಾಲು ನಿಂತರು. ಸಾಹೇಬರು ಯಂತ್ರದ ಬೆನ್ನಿನ ಸಹಿಯನ್ನು ಪ್ರತಿಯೊಬ್ಬರಿಗೂ ತೋರಿಸುತ್ತ ಪಕ್ಕದಲ್ಲಿ ನಿಂತಿದ್ದರು.

ಸೋಮವಾರ ದೊಡ್ಡ ಸಾಹೇಬರು ಕೇಳಿದರು: “ಏನ್ರೀ, ಆ ಮನೆ ತಯಾರಕ ಅಳತೆ ಸರಿಮಾಡಿದ್ನಾ?”

“ಭರ್ತಿ ಮಾಡಿದ ಸಾರ್. ಆದ್ರೆ ಕಲಬೆರಕೆ ಮಾಡಿದ್ದ. ಅವನ ಹೆಂಡತೀನೇ ಹಿಡಿದುಕೊಟ್ಟಳು.”

“ಶಹಬ್ಬಾಸ್! ಅಂಥ ಹೆಂಗಸರು ಬೇಕು ನಮ್ಮ ಇಲಾಖೆಗೆ.”

“ಹೌದು ಸಾರ್” ಎಂದರು ಸಾಹೇಬರು. ಕಡಲೆಕಾಯಿ ಪೊಟ್ಟಣ ಸೆಳೆಖಾನೆಯಲ್ಲೇ ಇತ್ತು. ಉಪ್ಪು ಹಚ್ಚದ್ದು, ಇಪ್ಪತ್ತು ಗ್ರಾಂ, ಕರಾರುವಾಕ್ಕಾಗಿ.

ಬೇಕರಿಯವನ ಉಪ್ಪಿನ ಚಮಚವನ್ನು ಸಾಹೇಬರು ವಾರಕ್ಕೊಮ್ಮೆ ತೂಗಿ ಸಣ್ಣದು ಮಾಡಿಸಿದರು. ನಾಲ್ಕನೆಯ ಚಮಚದ ಹೊತ್ತಿಗೆ ಒಂದು ಸಂಜೆ ಬ್ರೆಡ್ಡು ಕಚ್ಚಿ, “ನೋಡು, ಈ ವಾರದ ಬದಲಾವಣೆ ನನ್ನ ನಾಲಿಗೆಗೆ ತಕ್ಷಣ ಗೊತ್ತಾಯ್ತು” ಎಂದರು. ಅದು ಹಿಂದಿನ ವಾರದ ಬ್ರೆಡ್ಡೆಂದು ಹೆಂಡತಿ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಡಾಕ್ಟರು ಬರೆದುಕೊಟ್ಟ ಅಂಕಿ ನೂರ ಮೂವತ್ತನಾಲ್ಕು, ಎಂಬತ್ತನಾಲ್ಕು. ಹೆಂಡತಿ ಆ ಚೀಟಿಯನ್ನು ಹತ್ತಿ ಬಟ್ಟೆಯ ಪುಟದಲ್ಲಿ ಅಂಟಿಸಿ, ಆ ರಾತ್ರಿಯಿಂದ ಲೆಕ್ಕ ಹಾಕುವುದನ್ನು ಬಿಟ್ಟಳು.

ಉಳಿದದ್ದು ಬೋರ್ಡು. ಅದನ್ನು ಇಳಿಸಬೇಕೆಂದು ಸಂಘ ಠರಾವು ಮಾಡಿತ್ತು. ಒಳ್ಳೆಯ ಮರ, ಸುಟ್ಟರೆ ಪಾಪ. ಸಾಹೇಬರು ಅಳತೆ ಪಟ್ಟಿ ಇಟ್ಟು, ನಡುವೆ ಗೆರೆ ಎಳೆದು, ಗರಗಸದಲ್ಲಿ ಎರಡು ಮಾಡಿದರು. ‘ಮಾದರಿ’ಯನ್ನು ಹೆಂಡತಿ ತನ್ನ ಬಟ್ಟೆ ತುಂಡುಗಳ ಗೋಡೆಗೆ ಹೊಡೆದುಕೊಂಡಳು. ಇನ್ನರ್ಧ ಬಾಗಿಲ ಮೇಲೆ ಹಳೆಯ ಮೊಳೆಗೇ ಮರಳಿತು.

ಅಂಚೆಯವನು ಅದನ್ನು ನೋಡಿ ನಕ್ಕ. “ಬರೀ ‘ಮನೆ’ ಅಂತ ಹಾಕಿದೀರಲ್ಲ ಸಾಹೇಬ್ರೇ? ಮನೆ ಅಂತ ನೋಡಿದ್ರೇ ಗೊತ್ತಾಗಲ್ವಾ?”

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಬೋರ್ಡಿನ ಮಟ್ಟ ನೋಡಿದರು.

“ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ” ಎಂದರು. “ತೂಕ ಸರಿಯಾಗಿದೆ, ಬಿಡಪ್ಪ.”